ಸಸ್ಯಾಹಾರಿ ಗಾಳ

ಅಚ್ಚುಕಟ್ಟಾಗಿ ಬದುಕಬೇಕೆನ್ನುವವರ ಮನೆಗೇ ಅಧ್ವಾನಗಳು ವಿಳಾಸ ಹುಡುಕಿಕೊಂಡು ಬರುತ್ತವೆ. ಕಂಪನಿಗಳು ಕೈತುಂಬ ಬೋನಸ್ ಕೊಡುತ್ತಿದ್ದ ಆ ಕಾಲದಲ್ಲಿ ಸಿಂಗಪುರದ ನಮ್ಮ ಪರಿಚಿತರೆಲ್ಲ ಕಾಂಡೋ ಫ್ಲ್ಯಾಟ್ ಬುಕ್ ಮಾಡಿದರು. ನಮ್ಮ ಯಜಮಾನರು ಮೀನು ಹಿಡಿಯುವ ಗಾಳ ತಂದು ದೇವರಮನೆ ಮೂಲೆಯಲ್ಲಿ ನಿಲ್ಲಿಸಿದರು. ನಾವು ಮೀನು ತಿನ್ನುವವರಲ್ಲ. ಹಿಡಿದು ನೀರಿಗೇ ಬಿಡುತ್ತಾರಂತೆ. ಹಿಡಿದರಲ್ಲವೇ ಬಿಡುವುದು!

೧. ಫ್ರೀಜರ್

ಈ ವಿದ್ಯೆಯಲ್ಲಿ ಯಜಮಾನರಿಗೆ ಗುರು, ಅವರ ಪಾಯಾ ಲೆಬಾರ್ ಆಫೀಸಿನ ಸಹೋದ್ಯೋಗಿ, ಕಾರವಾರದವನು. ಒಂದು ಶುಕ್ರವಾರ ಸಂಜೆ ಬಂದವನೇ ಪೊಟ್ಟಣವೊಂದನ್ನು ನನ್ನ ಫ್ರೀಜರಿನಲ್ಲಿ, ಕಾಯಿತುರಿಯ ಪಕ್ಕ ಇಟ್ಟ.

"ಏನಪ್ಪ ಅದು?"

"ಸೀಗಡಿ ಆಂಟಿ. ನಾಳೆ ಗಾಳಕ್ಕೆ."

ದನಿ ಏರಿಸಬಾರದೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಏರಿಸಲಿಲ್ಲ. ಸೀಗಡಿಯನ್ನೂ ಮೈಲಿಗೆಯಾದ ಕಾಯಿತುರಿಯನ್ನೂ ಒಟ್ಟಿಗೇ ಅವನ ಕೈಗಿತ್ತೆ.

"ಥ್ಯಾಂಕ್ಸ್ ಆಂಟಿ! ಎರಡೂ ಸೇರಿದ್ರೆ ಒಳ್ಳೆ ಸಾರಾಗುತ್ತೆ" ಎಂದ.

೨. ಕೊಳದ ದಂಡೆ

ಯಜಮಾನರಿಗೆ ಹೇಳಿಬಿಟ್ಟೆ: "ನಾಳೆ ನಾನೂ ಬರುತ್ತೇನೆ. ಈ ಗಾಳಕ್ಕೆ ಒಂದಾದರೂ ಮೀನು ಬಿದ್ದರೆ ಮನೆಯಲ್ಲಿರಲಿ. ಇಲ್ಲದಿದ್ದರೆ ನನ್ನ ದೇವರಮನೆ ಮೂಲೆಯಿಂದ ಆಚೆ. ಸೀಗಡಿಯನ್ನಂತೂ ಮುಟ್ಟಕೂಡದು."

ಒಪ್ಪಿ, ಚಪಾತಿ ಹಿಟ್ಟನ್ನು ತಾವೇ ಕಲಸಿಕೊಂಡರು.

ಅದು ಪುಂಗೋಲ್ ಕಡೆಯ, ದುಡ್ಡು ಕೊಟ್ಟು ಮೀನು ಹಿಡಿಯುವ ಕೊಳ. ಕಾರವಾರದವನು ಒಂದು ಕೈಯಲ್ಲಿ ನನ್ನ ಉಪ್ಪಿಟ್ಟು ತಿನ್ನುತ್ತಲೇ ಇನ್ನೊಂದರಲ್ಲಿ ಮೀನಿನ ಮೇಲೆ ಮೀನು ಎಳೆದ. ಯಜಮಾನರು ಗಾಳ ಹಿಡಿದು ಕಂಬದಂತೆ ನಿಂತರು.

"ಲೂಸ್ ಆಗಿ ನಿಂತ್ಕೊಳ್ಳಿ ಸಾರ್. ಇದು ಪ್ರೆಸೆಂಟೇಷನ್ ಅಲ್ಲ."

ಪಕ್ಕದಲ್ಲಿದ್ದ ಚೀನೀ ಅಜ್ಜ ಗಾಳದ ತುದಿ ನೋಡಿ ಅದೇನೆಂದು ಕೇಳಿದರು. ಚಪಾತಿ ಹಿಟ್ಟು, ನಾವು ಸಸ್ಯಾಹಾರಿಗಳು ಎಂದೆ.

"ನೀವು ಸರಿ ಲಾ," ಎಂದರು ಅಜ್ಜ, ಸಿಂಗಪುರದವರ ರಾಗದಲ್ಲಿ, "ಮೀನನ್ನ ಕೇಳಿದ್ರಾ?"

೩. ಹಿಟ್ಟು

ಮಧ್ಯಾಹ್ನ ಕಳೆಯಿತು. ಸುಮ್ಮನೆ ಕೂತಿದ್ದರೆ ಗೆಲುವು ನನ್ನದೇ. ಆದರೆ ಯಜಮಾನರ ಡಬ್ಬಿ ಕಣ್ಣಿಗೆ ಬಿತ್ತು. ಹಿಟ್ಟು ಗಂಟುಗಂಟಾಗಿ, ನೀರು ಬಿಟ್ಟುಕೊಂಡು, ಬಿಸಿಲಿಗೆ ಹುಳಿ ವಾಸನೆ ಹೊಡೆಯುತ್ತಿತ್ತು. ನೀರಿಗೆ ಬಿದ್ದೊಡನೆ ಕರಗಿ ಹೋಗುತ್ತಿತ್ತು.

"ಏನ್ರೀ ಇದು? ಹಿಟ್ಟನ್ನ ಹೀಗಾ ಕಲಸೋದು?"

"ಮೀನಿಗೆ ತಾನೆ?"

"ಯಾರಿಗಾದರೇನು! ನಮ್ಮ ಮನೆಯಿಂದ ಇಂಥದ್ದು ಆಚೆ ಬರಬಹುದಾ?"

ತಡೆಯಲಾಗಲಿಲ್ಲ. ಅವರು ಜೊತೆಗೆ ತಂದಿದ್ದ ಒಣಹಿಟ್ಟು ಸೇರಿಸಿ, ವಾಸನೆ ಅಡಗಲೆಂದು ಮಜ್ಜಿಗೆಗೆ ತಂದಿದ್ದ ಇಂಗಿನ ಪುಡಿ ಉದುರಿಸಿ, ಹದ ಬರುವ ತನಕ ನಾದಿ, ಗೋಲಿಯಷ್ಟು ಉಂಡೆ ಮಾಡಿ ಕೊಟ್ಟೆ.

ಗಾಳ ನೀರಿಗಿಳಿದದ್ದೇ ತಡ, ಕೋಲು ಬಿಲ್ಲಿನಂತೆ ಬಾಗಿತು. "ಎಳೀರಿ ಸಾರ್!" ಎಂದು ಕಾರವಾರದವನು ಕೂಗಿದ. ಯಜಮಾನರು ಕೂಸಿನಷ್ಟು ದೊಡ್ಡ ಮೀನೆಳೆದು, ಫೋಟೋ ತೆಗೆಸಿಕೊಂಡು, ನೀರಿಗೆ ಬಿಟ್ಟರು. ಗಾಳ ಮೂಲೆಗೆ ಮರಳಿತು, ಈಗ ಕುಂಕುಮ ಬೇರೆ ಇಡಿಸಿಕೊಂಡು.

ಮುಂದಿನ ಶನಿವಾರ ಬೆಳಗ್ಗೆ ಕಾರವಾರದವನ ಫೋನು. ಯಜಮಾನರು ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಸಾರ್ ರೆಡಿಯಾಗಿದ್ದಾರಪ್ಪ" ಎಂದೆ.

"ಸಾರ್ ರೆಸ್ಟ್ ತಗೊಳ್ಳಲಿ ಆಂಟಿ. ನೀವು, ಹಿಟ್ಟು, ಇಬ್ಬರೇ ಬನ್ನಿ."