ಹದಿನಾಲ್ಕು ಹೆಜ್ಜೆ ಹುಲ್ಲು

ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದೆ. ಗದಗದಿಂದ ಲಕ್ಷ್ಮೇಶ್ವರ, ಗದಗದಿಂದ ಶಿರಹಟ್ಟಿ, ಗದಗದಿಂದ ಮುಂಡರಗಿ, ಈ ಮೂರು ದಾರಿಗಳಲ್ಲೇ ನನ್ನ ಚಪ್ಪಲಿ ಸವೆದದ್ದು. ಆಗ ನಗುವ ಪ್ರಸಂಗಗಳು ತಾವಾಗಿಯೇ ಬಸ್ ಹತ್ತಿ ಬರುತ್ತಿದ್ದವು. ನಿವೃತ್ತಿಯಾದ ಮೇಲೆ ಅವಕ್ಕೂ ನನಗೂ ಸಂಬಂಧ ಹರಿಯಿತು ಅಂದುಕೊಂಡಿದ್ದೆ. ಇಲ್ಲ, ವಿಳಾಸ ಕೇಳಿಕೊಂಡು ಬೆಟಗೇರಿಯ ಮನೆಗೇ ಬಂದವು. ಅದೂ ನಗುವ ಮನಸ್ಸೇ ಇಲ್ಲದ ಒಂದು ಬೇಸಿಗೆಯಲ್ಲಿ.

ಗಣೇಶ ಚೌತಿ ಆದ ಮರುವಾರ ನನ್ನ ಹೆಂಡತಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಸೋತವು. ಮಾತು ಮಾತ್ರ ಉಳಿಯಿತು. ಬರೇ ಉಳಿಯಿತೆಂದರೆ ತಪ್ಪಾದೀತು, ಕೈಕಾಲಿನ ಶಕ್ತಿಯೂ ಅದಕ್ಕೇ ಹೋಗಿ ಸೇರಿಕೊಂಡಿತು. ವ್ಯಾಯಾಮ ಮಾಡಿಸುವ ಡಾಕ್ಟರು, ದಿನಾ ಬರಿಗಾಲಲ್ಲಿ ಮೆತ್ತನೆಯ ಹುಲ್ಲಿನ ಮೇಲೆ ನಡೆಸಿ, ಅಂಗಾಲಿಗೆ ನೆನಪು ಬರುತ್ತದೆ ಎಂದರು. ನಾನು ಮನೆಯ ಮುಂದಿನ ಅಂಗಳಕ್ಕೆ ಕರಿಕಿ, ಅಂದರೆ ಗರಿಕೆ ಹುಲ್ಲು ಹಚ್ಚಿದೆ. ಕಟ್ಟೆಯಿಂದ ಗೇಟಿನವರೆಗೆ ಆಕೆಯ ಲೆಕ್ಕದಲ್ಲಿ ಹದಿನಾಲ್ಕು ಹೆಜ್ಜೆ. ಸಂಕ್ರಾಂತಿಯ ಹೊತ್ತಿಗೆ ಕೋಲು ಊರಿಕೊಂಡು ಹೋಗಿ ಬರುವಷ್ಟಾಗಿದ್ದಳು.

ಆಮೇಲೆ ನಮ್ಮ ಕಡೆಯ ಬಿಸಿಲು ಬಂತು. ಯುಗಾದಿ ದಾಟುವುದರೊಳಗೆ ಹುಲ್ಲು ಒಣಗಿದ ಜೋಳದ ಕಣಿಕೆಯ ಬಣ್ಣಕ್ಕೆ ತಿರುಗಿ, ಕಾಲಿಟ್ಟರೆ ಚುಚ್ಚತೊಡಗಿತು. ಒಂದು ಸಂಜೆ ಹೆಂಡತಿ ಕಟ್ಟೆಯ ಮೇಲೆ ಕುಳಿತವಳು ಕಾಲು ಮಡಚಿಕೊಂಡಳು.

"ಹುಲ್ಲು ಮತ್ತ ಚಿಗುರಲಿ, ನಾನೂ ನಡೀತೇನಿ. ಅಲ್ಲೀತನಕ ಇಬ್ರೂ ಬಿದ್ಕೊಂಡಿರ್ತೇವಿ" ಅಂದಳು.

ನಡೆಯುವುದನ್ನು ಬಿಟ್ಟರೆ ಕಾಲು ಬಿಗಿದುಕೊಳ್ಳುತ್ತದೆ, ಆಮೇಲೆ ಕಷ್ಟ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹುಲ್ಲು ಚಿಗುರಿಸುವುದು ನನ್ನ ಪಾಲಿಗೆ ಬಂದ ಹೊಸ ಡ್ಯೂಟಿಯಾಯಿತು.

೧. ಜಳಕದ ಪಾಳಿ

ಹುಲ್ಲಿಗೆ ನೀರು ಬೇಕು. ಬೆಟಗೇರಿಯಲ್ಲಿ ಬೇಸಿಗೆಯಲ್ಲಿ ನಳ ಬರುವುದು ಬೀಗರು ಬಂದ ಹಾಗೆ, ಯಾವಾಗ ಬರುತ್ತದೋ, ಎಷ್ಟು ಹೊತ್ತು ಇರುತ್ತದೋ ಗೊತ್ತಿಲ್ಲ. ಓಣಿಯವರು ಕೊಡಕ್ಕಾಗಿ ಕಾಯುತ್ತಿರುವಾಗ ಪೈಪು ಹಿಡಿದು ಹುಲ್ಲಿಗೆ ನೀರು ಬಿಡಲು ನನಗೆ ಮುಖವಿರಲಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದೆ. ಪಂಚೆ ಸುತ್ತಿಕೊಂಡು, ಅಂಗಳದಲ್ಲಿ ಮಣೆ ಹಾಕಿ, ಹುಲ್ಲಿನ ಮೇಲೆಯೇ ಜಳಕ ಮಾಡತೊಡಗಿದೆ. ಸೋಪು ಹುಲ್ಲಿಗೆ ಆಗದೆಂದು ಕಡಲೆಹಿಟ್ಟು ಹಚ್ಚಿಕೊಂಡೆ. ಒಂದು ದಿನ ಗೇಟಿನ ಹತ್ತಿರ, ಒಂದು ದಿನ ನಡುವೆ, ಒಂದು ದಿನ ಗೋಡೆಯ ಮಗ್ಗುಲಿಗೆ.

ಎದುರುಮನೆಯ ಅಕ್ಕ ತನ್ನ ಆಡಿಗೆ ಮೇವು ಹಾಕುತ್ತ, ಮೊದಲ ಎರಡು ದಿನ ಮುಖ ತಿರುವಿದಳು. ಮೂರನೆಯ ದಿನ, ಇವತ್ತು ಯಾವ ಕಡೆ ಎಂದು ವಿಚಾರಿಸಿದಳು. ನಾನು ನಾಚಿ ಉತ್ತರ ಕೊಡುವ ಮೊದಲೇ ಕಟ್ಟೆಯ ಮೇಲಿದ್ದ ನನ್ನ ಹೆಂಡತಿ ಬಲಗೈ ಎತ್ತಿ ತೋರಿಸಿದಳು.

"ಆ ಮೂಲಿ ಭಾಳ ಒಣಗೇತಿ, ಅಲ್ಲೆ ಕುಂಡ್ರಿ. ಬೆನ್ನು ಸಾವಕಾಶ ತೊಳ್ಕೋರಿ, ಹೋದ ಸಲ ಅರ್ಧಾ ನೀರು ಗ್ವಾಡಿಗೇ ಹೋತು."

೨. ಒಣಗದ ಹುಲ್ಲು

ಜಳಕದಿಂದ ನಾನು ಸ್ವಚ್ಛವಾದೆ, ಹುಲ್ಲು ಹಸಿರಾಗಲಿಲ್ಲ. ಮದುವೆಗಳಿಗೆ ಪೆಂಡಾಲ್ ಹಾಕುವ ನನ್ನ ಗೆಳೆಯನೊಬ್ಬ ಇದ್ದಾನೆ. ನೋಡಲು ಬಂದವನು, ಇಷ್ಟಕ್ಕೆ ಯಾಕೆ ಒದ್ದಾಡುತ್ತೀ ಎಂದು ಮರುದಿನವೇ ಹಸಿರು ಪ್ಲಾಸ್ಟಿಕ್ ಹುಲ್ಲಿನ ಚಾಪೆ ತಂದು ಅಂಗಳದ ತುಂಬ ಹಾಸಿದ. ಬಿಸಿಲಿಗೆ ಒಣಗುವುದಿಲ್ಲ, ನೀರು ಬೇಡ, ಮಂತ್ರಿಗಳೇ ಇದರ ಮೇಲೆ ನಡೆದುಹೋಗಿದ್ದಾರೆ ಎಂದ. ನಿಜ ಹೇಳಬೇಕೆಂದರೆ ನನಗೂ ಆಸೆಯಾಯಿತು. ದೂರದಿಂದ ನೋಡಿದರೆ ಶ್ರಾವಣ ಮಾಸವೇ ಬಂದು ಬಿದ್ದ ಹಾಗಿತ್ತು.

ಹೆಂಡತಿಯನ್ನು ಒಪ್ಪಿಸಿ, ಕೈಹಿಡಿದು ಇಳಿಸುವ ಹೊತ್ತಿಗೆ ಮಧ್ಯಾಹ್ನ ಮೂರಾಗಿತ್ತು. ಬಲಗಾಲಿಟ್ಟಳು, ತಕ್ಷಣ ಮೇಲೆತ್ತಿದಳು. ಗೆಳೆಯ, ಹೇಗಿದೆ ವೈನಿ ಎಂದು ಕೇಳಿದ.

"ಹಂಚು ಛಲೋ ಕಾದೈತಿ. ಹಿಟ್ಟು ತಂದುಕೊಟ್ರ ರೊಟ್ಟಿ ಬಡೀತೇನಿ. ನಡ್ಯಾಕ ಮಾತ್ರ ಕರೀಬ್ಯಾಡ್ರಿ" ಅಂದಳು.

೩. ಹೊಲದವನ ಕೈ

ಪ್ಲಾಸ್ಟಿಕ್ ಚಾಪೆ ಗೆಳೆಯನ ಜೊತೆಗೇ ವಾಪಸು ಹೋಯಿತು. ಮೇ ಮುಗಿಯುತ್ತ ಬಂದಾಗ ಹೆಂಡತಿಯ ತಮ್ಮ ಹಿರೇವಡ್ಡಟ್ಟಿಯಿಂದ ಅಕ್ಕನನ್ನು ಮಾತಾಡಿಸಲು ಬಂದ. ಒಳ್ಳೆಯ ರೈತ. ನಾನು ಔಷಧಿ ತರಲು ಗದಗಕ್ಕೆ ಹೋಗಿದ್ದೆ, ಹೆಂಡತಿ ಮಲಗಿದ್ದಳು. ಅವನ ಕೈ ಸುಮ್ಮನೆ ಕೂರುವ ಕೈಯಲ್ಲ. ನಾನು ಬಂದು ನೋಡುತ್ತೇನೆ, ಗೇಟಿನ ಕಡೆಯ ನಾಲ್ಕು ಹೆಜ್ಜೆಯಷ್ಟು ಹುಲ್ಲನ್ನು ಕಳೆ ಕೀಳುವ ಕುರ್ಚಿಗಿಯಿಂದ ಹೆರೆದು ತೆಗೆದು, ನೆಲವನ್ನು ಅಂಗೈಯಷ್ಟು ನುಣ್ಣಗೆ ಮಾಡಿ, ಹೆರೆದ ಹುಲ್ಲನ್ನು ಎದುರುಮನೆಯ ಆಡಿಗೂ ಹಾಕಿ ಕೈ ತೊಳೆಯುತ್ತಿದ್ದಾನೆ. ಇಷ್ಟೊಂದು ಕಸ ಬೆಳೆಸಿಕೊಂಡು ಕೂತಿದ್ದೀರಲ್ಲ ಎಂದು ನನ್ನನ್ನೇ ಗದರಿಸಿದ.

ನನಗೆ ತಲೆ ಕೆಟ್ಟಿತು. ಬಾಯಿಗೆ ಬಂದಂತೆ ಬೈದೆ. ಪಾಪ, ಅವನು ಕಕ್ಕಾಬಿಕ್ಕಿಯಾದ. ಹುಟ್ಟಿದಾಗಿನಿಂದ ಕರಿಕಿ ಕಿತ್ತಿದ್ದಕ್ಕೆ ಶಹಬ್ಬಾಸ್ ಅನಿಸಿಕೊಂಡವನು, ಬೈಸಿಕೊಂಡದ್ದು ಅದೇ ಮೊದಲು. ಯಾಕೆ ಬೇಕಿತ್ತು ಈ ಹುಲ್ಲು ಎಂಬುದನ್ನು ನಾನು ಹೇಳುತ್ತ ಹೋದ ಹಾಗೆ ಅವನ ಮುಖ ಸಣ್ಣದಾಯಿತು. ಕೂತುಕೊಂಡು ಒಂದು ಗೇಣು ನೆಲ ಅಗೆದ. ಕೆಳಗಿನಿಂದ ಬೆಳ್ಳನೆಯ ಬೇರೊಂದನ್ನು ಎಳೆದು ನನ್ನ ಕೈಗೆ ಕೊಟ್ಟ.

"ಇದು ಸತ್ತಿಲ್ಲ ಮಾಮಾ. ಬಿಸಲಿಗೆ ಸಿಟ್ಟು ಬಂದು ಒಳಗ ಕುಂತೈತಿ, ನಮ್ಮಕ್ಕನಂಗ."

ಮೇಲಿನ ಒಣಹುಲ್ಲು ತೆಗೆಯಿರಿ, ನೆಲ ಸಡಿಲು ಮಾಡಿರಿ, ಕೆರೆಯ ಮಣ್ಣು ತಂದು ತೆಳ್ಳಗೆ ಹರಡಿರಿ, ಒಂದು ಮಳೆ ಬರಲಿ ಎಂದ. ಇದು ಖಂಡಿತ ಚಿಗುರುತ್ತದೆಯೇ ಎಂದು ನಾನು ಎರಡೆರಡು ಸಲ ಕೇಳಿದೆ.

"ನಮ್ಮ ಮುತ್ತ್ಯಾನ ಕಾಲದಿಂದ ಇದನ್ನ ಕೀಳಾಕ ಹತ್ತೇವಿ. ಇನ್ನೂ ಹೋಗಿಲ್ಲ" ಅಂದ.

೪. ನಾಲ್ಕು ಚೀಲ ಮಣ್ಣು

ಅಡರಕಟ್ಟಿಯ ರೈತರೊಬ್ಬರು ನನ್ನ ಹಳೆಯ ಪ್ಯಾಸೆಂಜರು. ಕರಿಕಿ ಬೆಳೆಸಲು ಮಣ್ಣು ಬೇಕು ಎಂದಾಗ ಫೋನಿನಲ್ಲಿ ಬಹಳ ಹೊತ್ತು ನಕ್ಕರು. ಆದರೂ ಟೆಂಪೋದಲ್ಲಿ ನಾಲ್ಕು ಚೀಲ ಕೆರೆಯ ಮಣ್ಣು ಕಳಿಸಿಕೊಟ್ಟರು. ಎಂಥ ಮಣ್ಣು ಅದು, ಬೆಣ್ಣೆಯ ಹಾಗೆ. ಮೋಡ ನೋಡಿಕೊಂಡು ಹರಡೋಣವೆಂದು ಗೇಟಿನ ಬಳಿ ಇಟ್ಟಿದ್ದೆ. ಜೂನ್ ಮೊದಲಿಗೆ ಬರಬೇಕಾದ ಮಿರಗದ ಮಳೆ ಕೈಕೊಟ್ಟಿತು. ಅಷ್ಟರಲ್ಲಿ ಲಕ್ಷ್ಮೇಶ್ವರದಲ್ಲೊಂದು ಮದುವೆ ಬಂತು. ಹೆಂಡತಿಯನ್ನು ನೋಡಿಕೊಳ್ಳಲು ಎದುರುಮನೆಯ ಅಕ್ಕನಿಗೆ ಹೇಳಿ ಹೋದೆ.

ಸಂಜೆ ಬಂದರೆ ನಾಲ್ಕೂ ಚೀಲ ಖಾಲಿ, ಅಚ್ಚುಕಟ್ಟಾಗಿ ಮಡಚಿಟ್ಟಿದ್ದರು. ಮರುದಿನ ಮಣ್ಣೆತ್ತಿನ ಅಮಾವಾಸ್ಯೆ ಎನ್ನುವುದು ನನಗೆ ಮರೆತೇಹೋಗಿತ್ತು. ಮಣ್ಣಿನಲ್ಲಿ ಎತ್ತು ಮಾಡಿ ಪೂಜಿಸುವ ಹಬ್ಬದ ಹಿಂದಿನ ದಿನ ಒಳ್ಳೆಯ ಮಣ್ಣನ್ನು ಗೇಟಿನ ಬಳಿ ಇಟ್ಟು ಊರಿಗೆ ಹೋದವನು ನಾನು. ಎದುರುಮನೆಯ ಅಕ್ಕ ಒಂದು ಹಿಡಿ ಕೇಳಿದ್ದಳಂತೆ. ನನ್ನ ಹೆಂಡತಿ ಇಡೀ ಓಣಿಯನ್ನೇ ಕರೆಸಿದ್ದಳು.

ಗೇಟಿನಿಂದ ಕಟ್ಟೆಯವರೆಗೆ ಬರುವಾಗ ಬೈಗುಳವನ್ನೆಲ್ಲ ಬಾಯಲ್ಲಿ ಜೋಡಿಸಿಕೊಂಡು ಬಂದೆ. ಕಟ್ಟೆಯ ಮೇಲೆ ಆಕೆ ಮೊಣಕೈತನಕ ಮಣ್ಣು ಮಾಡಿಕೊಂಡು ಕುಳಿತಿದ್ದಳು. ಡಾಕ್ಟರು ಹಿಚುಕಲು ಕೊಟ್ಟ ರಬ್ಬರ್ ಚೆಂಡನ್ನು ಬೇಸರವೆಂದು ಮೂಲೆಗೆ ಎಸೆದಿದ್ದಳು, ಈಗ ಅದೇ ಎಡಗೈ ಒಂದು ಎತ್ತಿನ ಬೆನ್ನ ಮೇಲಿನ ಹಿಣಿಲನ್ನು ಮೆಲ್ಲಗೆ ಒತ್ತುತ್ತಿತ್ತು. ಹಿಣಿಲು ಸೊಟ್ಟವಾಗಿತ್ತು. ನಾಲ್ಕು ಚೀಲ ಮಣ್ಣು ಏನಾಯಿತು ಎಂದಷ್ಟೇ ಕೇಳಿದೆ.

"ಮೂವತ್ತು ಜೋಡಿ ಎತ್ತಾದವು. ಹುಲ್ಲಿಲ್ಲದ ಮನಿಗೆ ಇಷ್ಟು ದನ ಯಾಕಂತ ಮಾತ್ರ ಕೇಳಬ್ಯಾಡ್ರಿ."

ಹಬ್ಬ ಮುಗಿದ ಮೇಲೆ ಮಣ್ಣೆತ್ತುಗಳನ್ನು ಮಾಳಿಗೆಯ ಮೇಲಿಡುವುದು ನಮ್ಮಲ್ಲಿ ರೂಢಿ. ಆದರೆ ಮಣ್ಣು ಯಾವುದಕ್ಕೆ ಬಂದದ್ದೆಂದು ಓಣಿಯವರಿಗೆ ಅಷ್ಟರಲ್ಲಿ ತಿಳಿದಿತ್ತು. ಹಬ್ಬದ ಮರುದಿನ ಒಬ್ಬೊಬ್ಬರಾಗಿ ತಮ್ಮ ಜೋಡಿ ತಂದು ನಮ್ಮ ಒಣಗಿದ ಹುಲ್ಲಿನ ಮೇಲೆ ಇಡತೊಡಗಿದರು. ಎಲ್ಲವೂ ಗೇಟಿನ ಬಾಯಲ್ಲೇ ಗುಂಪಾದವು. ನನಗೆ ತಡೆಯಲಿಲ್ಲ. ಹಿಂದೆ ಜಾಗ ಇದೆ, ಮುಂದೆ ಸರಿಯಿರಿ, ಬಾಗಿಲಲ್ಲಿ ನಿಲ್ಲಬೇಡಿರಿ ಎನ್ನುತ್ತ ಅರವತ್ತು ಎತ್ತುಗಳನ್ನೂ ಅಂಗಳದ ಉದ್ದಕ್ಕೂ ಸಾಲಾಗಿ ನಿಲ್ಲಿಸಿದೆ. ಕಟ್ಟೆಯ ಮೇಲಿನಿಂದ ಆಕೆ ಕೇಳಿದಳು, "ಎಲ್ಲಾರ್ದೂ ಟಿಕೆಟ್ ಆತೇನ್ರಿ?"

ಮೂರನೆಯ ದಿನ ಆರಿದ್ರಾ ಮಳೆ ಹಿಡಿಯಿತು. ನಾವಿಬ್ಬರೂ ಕಟ್ಟೆಯ ಮೇಲೆ ಕುಳಿತು ಎತ್ತುಗಳು ಕರಗುವುದನ್ನು ನೋಡಿದೆವು. ಮೊದಲು ಕೊಂಬು ಹೋದವು, ಆಮೇಲೆ ಕಾಲು, ಕಡೆಗೆ ಕಣ್ಣಿಗಿಟ್ಟ ಜೋಳದ ಕಾಳಷ್ಟೇ ಉಳಿದವು. ನಾನು ಹರಡಿದ್ದರೂ ಅಷ್ಟು ಸರಿಯಾಗಿ ಹರಡುತ್ತಿರಲಿಲ್ಲ.

೫. ಕೋಲು

ಹುಲ್ಲು ಚಿಗುರಿತು. ಹೆರೆದ ನಾಲ್ಕು ಹೆಜ್ಜೆಯಲ್ಲಿಯೂ ಚಿಗುರಿತು. ಆದರೆ ಹೆಂಡತಿ ಕಟ್ಟೆ ಇಳಿಯಲಿಲ್ಲ. ಎಳೆಯದಿದೆ, ತುಳಿಯಬಾರದು ಅಂದಳು. ಒಂದು ವಾರ ಬಿಟ್ಟು ಕೇಳಿದರೆ, ಹಸಿ ಇದೆ, ಜಾರುತ್ತದೆ ಅಂದಳು. ಆಗ ನನಗೆ ಅರ್ಥವಾಯಿತು, ಆಕೆಗೆ ಹೆದರಿಕೆಯಾಗಿತ್ತು. ಮೂರು ತಿಂಗಳು ಸುಮ್ಮನಿದ್ದ ಕಾಲು ತನ್ನ ಮಾತು ಕೇಳುವುದಿಲ್ಲವೇನೋ ಎಂಬ ಹೆದರಿಕೆ. ಆ ಹೆದರಿಕೆ ನನಗೂ ಇತ್ತು. ಅದಕ್ಕೇ ಕೇಳುವುದನ್ನು ಬಿಟ್ಟೆ.

ಒಂದು ಮುಂಜಾನೆ ಹಾಲು ತರಲು ಹೋದವನು ಗೇಟು ಹಾಕುವುದನ್ನು ಮರೆತೆ. ತಿರುಗಿ ಬರುವಾಗ ಓಣಿಯ ತಿರುವಿನಲ್ಲೇ ಹೆಂಡತಿಯ ದನಿ ಕೇಳಿಸಿತು. ಓಡಿ ಬಂದೆ. ಎದುರುಮನೆಯ ಆಡು ಬಾಯಿ ತುಂಬ ನಮ್ಮ ಹುಲ್ಲು ತುಂಬಿಕೊಂಡು ಗೇಟಿನ ಹತ್ತಿರ ನಿಂತಿತ್ತು. ಅದರ ಹಿಂದೆ, ಹುಲ್ಲಿನ ಮೇಲೆ, ಅದರ ವಂಶವನ್ನೆಲ್ಲ ಜಾಲಾಡುತ್ತ ನನ್ನ ಹೆಂಡತಿ ನಿಂತಿದ್ದಳು. ಕೋಲನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು.

ಕೋಲು ಮೇಲಿದೆ. ಹಾಗಾದರೆ ಇವಳು ನಿಂತದ್ದು ಯಾತರ ಮೇಲೆ?

ನನಗೆ ಹೊಳೆದದ್ದು ಆಕೆಗೂ ಅದೇ ಗಳಿಗೆಗೆ ಹೊಳೆದಿರಬೇಕು. ಬೈಯುವುದು ನಿಂತಿತು. ತಲೆ ಬಗ್ಗಿಸಿ ತನ್ನ ಕಾಲು ನೋಡಿಕೊಂಡಳು. ಕಟ್ಟೆಯಿಂದ ಆಕೆ ನಿಂತ ಜಾಗದವರೆಗೆ ನಾನು ಆಕೆಯ ಲೆಕ್ಕದಲ್ಲೇ ಅಳತೆ ಹಾಕಿದೆ, ಹನ್ನೊಂದು ಹೆಜ್ಜೆ. ಕಣ್ಣು ಮಂಜಾಗಿ ಎರಡನೆಯ ಸಲ ಎಣಿಸಲು ಆಗಲಿಲ್ಲ.

"ನನ್ನ ಮಾರಿ ಏನ್ ನೋಡ್ತೀರಿ, ಆಡು ಹಿಡೀರಿ" ಅಂದಳು.

ಅಷ್ಟರಲ್ಲಿ ಎದುರುಮನೆಯ ಅಕ್ಕ ಓಡಿ ಬಂದು ಆಡಿನ ಕಿವಿ ಹಿಡಿದಳು. ತಪ್ಪಾಯಿತು, ಹಗ್ಗ ಕಡಿದುಕೊಂಡು ಬಂದಿದೆ, ಇವತ್ತೇ ಸರಪಳಿ ಹಾಕಿ ಕಟ್ಟುತ್ತೇನೆ ಎಂದು ಕೈಮುಗಿದಳು. ನಾನು ಅಕ್ಕನ ಹತ್ತಿರ ಹೋಗಿ, ಹೆಂಡತಿಗೆ ಕೇಳಿಸದ ಹಾಗೆ ಹೇಳಿದೆ.

"ಕಟ್ಟಬ್ಯಾಡ ಯಕ್ಕಾ. ನಾಳೆನೂ ಇದ ಹೊತ್ತಿಗೆ ಬಿಡು. ಇನ್ನೂ ಮೂರು ಹೆಜ್ಜಿ ಉಳದಾವ."