ಸಪ್ಪಳವಿಲ್ಲದ ಕಿಟಕಿ

ದೇವಿಂದ್ರಪ್ಪ: ಮಾರೂದು ಅಂದ್ರ ಮಾರೂದು! ಹಿಂಡಿ ತಿಂದು ಹಾಲು ಬಿಡದ ಎಮ್ಮಿ ಕಟ್ಟಗೊಂಡು ನಾ ದಿನಾ ಆರತಿ ಎತ್ತಲೇನು?

ಧೂಳಮ್ಮ: ಮೊನ್ನಿ ತನಕ ಕೊಡಪಾನ ತುಂಬ ಕೊಟ್ಟಾಳ. ಎರಡ ದಿನ ಕೆಲಸ ಮಾಡಲಿಲ್ಲಂತ ಮಾರೂದಾದ್ರ, ನಿಮ್ಮನ್ನ ಎಂದೋ ಸಂತಿಗಿ ಹೊಡಕೊಂಡು ಹೋಗಬೇಕಿತ್ತು.

ಮೋರಖಂಡಿಯ ಆ ಮನೆಯ ಹಿತ್ತಲ ಕೊಟ್ಟಿಗೆಯಲ್ಲಿ ಎಳೆ ಬಿಸಿಲು ಗೋದಲಿಯವರೆಗೆ ಬಂದಿತ್ತು. ಧೂಳಮ್ಮನು ಖಾಲಿ ಕೊಡಪಾನವನ್ನು ಮೊಣಕಾಲ ನಡುವೆ ಇಟ್ಟುಕೊಂಡು ಎಮ್ಮೆಯ ಕೆಚ್ಚಲ ಬಳಿ ಕುಳಿತಿದ್ದಳು. ಕೆಚ್ಚಲೇನೋ ತುಂಬಿತ್ತು, ಎಮ್ಮೆ ಮಾತ್ರ ಹಾಲನ್ನು ಏರಿಸಿಕೊಂಡು ನಿಂತಿತ್ತು. ಚಂದ್ರಿ ಎಂಬ ಆ ಎಮ್ಮೆ ಅವಳ ತವರಾದ ಬೇಮಳಖೇಡದಿಂದ ಬಂದದ್ದು. ಅಣ್ಣ ಶರಣಪ್ಪನು ಅರಿಸಿನ ಕುಂಕುಮ ಹಚ್ಚಿ ಕಳಿಸಿದ್ದು. ಅದನ್ನು ಮಾರುವುದೆಂದರೆ ಒಡಹುಟ್ಟಿದವಳನ್ನು ಮಾರಿದಂತೆಯೇ ಎಂದು ಅವಳ ಭಾವನೆ. ಗಂಡನು ಮನೆಯೊಳಗೆ ನಿಂತು, ಕೊಟ್ಟಿಗೆಯ ಕಡೆಗಿರುವ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾದಿಸುತ್ತಿದ್ದನು. ಹಾಗೆ ನಿಂತರೆ ಹೊಸ ಹಿಡಿಕೆಯ ಮೇಲೆ ಕೈ ಇಟ್ಟುಕೊಳ್ಳಲು ಅನುಕೂಲವಾಗುತ್ತಿತ್ತು.

ದೇವಿಂದ್ರಪ್ಪ: ಜರಾ ಈ ಕಿಡಕಿ ನೋಡಿ ಕಲಿ ಅಂತ ಹೇಳು ನಿನ್ನ ಎಮ್ಮಿಗಿ. ಬಸವಕಲ್ಯಾಣದಾಗ ಇಂಥಾ ಹಿಡಿಕಿ ಸಿಗಲಿಲ್ಲಂತ ಹುಮನಾಬಾದ ತನಕ ಹೋಗಿ ತಂದೀನಿ. ಬಿಜಾಗರಿ ಹೊಸಾವು, ಚಿಲಕ ಹೊಸಾದು. ಇಗಾ, ತಗದೆ... ಹಾಕಿದೆ... ತಗದೆ... ಒಂದಾದ್ರೂ ಸಪ್ಪಳ ಬಂತೇನು?

ಧೂಳಮ್ಮ: ಇಲ್ರಿ. ಮದ್ವಿಯಾದಾಗಿಂದ ನೀವು ಸಪ್ಪಳಿಲ್ಲದ ಮಾಡಿದ ಕೆಲಸ ಇದೊಂದೇ. ಅದಕ್ಕೇ ಎರಡ ದಿನದಿಂದ ತಗಿಯೂದು ಹಾಕೂದು ಬಿಟ್ಟು ಬ್ಯಾರೆ ಏನೂ ಮಾಡವಲ್ರಿ.

ದೇವಿಂದ್ರಪ್ಪ: ಹಳೀದು ನೆನಸು! ಹಿಡಿಕಿ ಸವದು ಕೈಯಾಗೇ ಬರತಿತ್ತು. ಬಿಜಾಗರಿಗಿ ಜಂಗ ಹಿಡದಿತ್ತು. ನಸಕಿನ್ಯಾಗ ನೀ ಹಿಂಡಿ ಬುಟ್ಟಿ ಹೊರಗ ಇಡಾಕ ಕಿಡಕಿ ತಗದಿ ಅಂದ್ರ ಕಿರ್ರ್ರ್ ಅಂತ ಓಣಿ ತುಂಬ ಒದರತಿತ್ತು. ನನ್ನ ನಿದ್ದಿ ಅಲ್ಲಿಗೇ ಖಲಾಸ್! ಈಗ ನೋಡು, ಬಿಸಲು ಮಾರಿ ಮ್ಯಾಲ ಬರೂ ತನಕ ಮಲಗತೀನಿ.

ಧೂಳಮ್ಮ: ಮೊದಲೂ ಅಷ್ಟೇ ಮಲಗತಿದ್ರಿ. ನಡುವ ಒಮ್ಮಿ ನನಗ ಬೈದು ಮಲಗತಿದ್ರಿ, ಅಷ್ಟೇ ಫರಕು.

ದೇವಿಂದ್ರಪ್ಪ: ಬಾಯಿ ಮಾಡಬ್ಯಾಡ. ಹುಮನಾಬಾದದ ದಿಗಂಬರಗ ಫೋನ್ ಮಾಡೀನಿ. ಎಮ್ಮಿ ವ್ಯಾಪಾರ ಮಾಡಾಂವ, ಕಣ್ಣು ಭಾಳ ಚಲೋ. ಇವತ್ತೇ ನೋಡಾಕ ಬರಾಕತ್ತಾನ.

ಧೂಳಮ್ಮನು ಚಂದ್ರಿಯ ಮೈ ಮೇಲೆ ಕೈ ಇಟ್ಟಳು. ನಿನ್ನೆಯೇ ಅವಳು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಳು. ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ, ಯಾರದೆಂಬುದಷ್ಟೇ ತಿಳಿಯಬೇಕಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಹಿರಿಯಳಾದ ಶೇವಂತಾಬಾಯಿಯು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಲ ಬಾಗಿಲಿನಿಂದ ನುಗ್ಗಿದಳು.

ಶೇವಂತಾಬಾಯಿ: ನಿಮ್ಮ ಕಿಡಕಿಗಿ ಬೆಂಕಿ ಹಚ್ಚಲಿ! ನನ್ನ ಸಂಸಾರ ಹಾಳಾತು!

ಧೂಳಮ್ಮ: ಕೇಳಿದ್ರೇನ್ರಿ? ತಾನೇ ಬಂದು ಒಪ್ಪಗೊಂಡ್ಲು ನೋಡ್ರಿ! ಅಕ್ಕಾ, ಒಂದ ಹಿಡಿಕಿ ಹಾಕಿಸಿದ್ದಕ್ಕ ಇಷ್ಟು ಹೊಟ್ಟಿಕಿಚ್ಚೇನು? ಎಮ್ಮಿ ಏನ್ ಪಾಪ ಮಾಡಿತ್ತು?

ಶೇವಂತಾಬಾಯಿ: ಎಮ್ಮಿ ಸುದ್ದಿ ಯಾರ ತಗದ್ರು? ಮತ್ತ ನಿಮ್ಮ ಹಿಡಿಕಿ ಏನ್ ಮೂಗಿನ ನತ್ತೇನು, ನಾ ಆಶಾ ಪಡಾಕ? ಕಿಡಕಿ ಒದರೂದು ನಿಂತಾಗಿಂದ ನನಗ ಎಚ್ಚರನ ಆಗವಲ್ದು!

ದೇವಿಂದ್ರಪ್ಪ: ಅಕ್ಕಾ, ಅದು ಒದರತದ ಅಂತ ದಿನಾ ಬೈತಿದ್ದಾಕಿ ನೀನೇ.

ಶೇವಂತಾಬಾಯಿ: ಬೈತಿದ್ದೆ ತಮ್ಮಾ! ಬೈಕೊಂತ ಏಳತಿದ್ದೆ! ಈಗ ಎದ್ದು ಬೈಬೇಕಂದ್ರ ಎಬ್ಬಸಾವ್ರೇ ಇಲ್ಲ. ನಿನ್ನಿ ಕಣ್ಣ ತೆರದು ನೋಡತೀನಿ, ಸೊಸಿ ಕಸಾ ಹೊಡದು ಚಹಾ ಮಾಡಿ ಕುಂತಾಳ. 'ಮಹಾರಾಣಿ ಸವಾರಿ ಎದ್ದಿತೇನು?' ಅಂದ್ಲು. ಇಷ್ಟು ವರ್ಷ ನಾ ಆಕಿಗಿ ಅಂದ ಮಾತು ಅದು! ಹಂಗೇ ತಿರಗಿ ನನ್ನ ತಾಟಿಗಿ ಬಂತು.

ಧೂಳಮ್ಮನಿಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಅವಳು ಎಮ್ಮೆಯ ಮುಖವನ್ನೇ ನೋಡುತ್ತಿದ್ದಳು. ಚಂದ್ರಿಯ ಮುಂದೆ ಹಿಂಡಿಯ ಬುಟ್ಟಿ ಇತ್ತು. ಆದರೆ ಅದರ ಕಣ್ಣು ಬುಟ್ಟಿಯ ಮೇಲಿರಲಿಲ್ಲ. ಬರಬೇಕಾದ ಬಸ್ಸು ಬಾರದಿದ್ದಾಗ ಜನ ರಸ್ತೆಯ ತಿರುವನ್ನು ನೋಡುವಂತೆ, ಅದು ಕಿವಿ ನೆಟ್ಟಗೆ ಮಾಡಿ ಕಿಟಕಿಯನ್ನು ನೋಡುತ್ತಿತ್ತು.

ಧೂಳಮ್ಮ: ಅಯ್ಯೋ ಶಿವನೇ! ಅಕ್ಕಾ, ನಿನಗ ಹ್ಯಾಂಗ ಆಗ್ಯಾದ, ಇಕಿಗೂ ಹಂಗೇ ಆಗ್ಯಾದ! ಕರು ಸತ್ತ ಮ್ಯಾಲ ಇಕಿ ಆ ಕಿರ್ರ್ ಅನ್ನೂದು ಕೇಳಿದ ಮ್ಯಾಲೇ ಹಾಲು ಬಿಡತಿದ್ಲು. ಕಿಡಕಿ ಒದರಿತಂದ್ರ ಹಿಂಡಿ ಬಂತು, ಹಿಂದಿಂದ ನಾ ಬಂದೆ ಅಂತ ಆಕಿಗಿ ಗುರ್ತು!

ದೇವಿಂದ್ರಪ್ಪ: ಎಮ್ಮಿ ಏನ್ ಸಾಲಿಗಿ ಹೋಗ್ಯಾದೇನು, ಗಂಟಿ ಹೊಡದ ಮ್ಯಾಲೇ ಪುಸ್ತಕ ತಗಿಯಾಕ?

ಧೂಳಮ್ಮ: ಸಾಲಿಗಿ ಹೋದವರು ನೀವು ಇದ್ದೀರಲ್ರಿ. ತಾಟಿನ ಸಪ್ಪಳ ಕೇಳದ ಒಂದಿನಾದ್ರೂ ಹಾಸಿಗಿ ಬಿಟ್ಟು ಎದ್ದೀರೇನು? ಮಾತು ಸಾಕು, ಆ ಹಳೀ ಬಿಜಾಗರಿ ತರ್ರಿ.

ದೇವಿಂದ್ರಪ್ಪ: ಅವು... ಹಳೀ ಕಬ್ಬಣ, ಮೋಡಕಾ ಸಾಮಾನು ಒಯ್ಯಾಂವಗ ಹಾಕಿದೆ.

ಧೂಳಮ್ಮ: ಹಾಕಿ?

ದೇವಿಂದ್ರಪ್ಪ: ಉಳ್ಳಾಗಡ್ಡಿ ಕೊಟ್ಟ. ನಿನ್ನಿ ಝುಣಕಾ ಭಾಳ ಚಲೋ ಆಗಿತ್ತಲ್ಲ, ಅವೇ.

ಧೂಳಮ್ಮ: ಶಿವ ಶಿವ! ನನ್ನ ಎಮ್ಮಿ ಹಾಲು ಝುಣಕಾ ಮಾಡಿ ತಿಂದೀರಿ! ಮೊದಲ ಖಾಜಾ ಮಿಸ್ತ್ರಿಗಿ ಫೋನ್ ಹಚ್ಚರಿ.

ಕಿಟಕಿಯನ್ನು ಜೋಡಿಸಿದ ಖಾಜಾ ಮಿಸ್ತ್ರಿ ಬಸವಕಲ್ಯಾಣದವನು. ಅವನ ದನಿ ಫೋನಿನಿಂದ ಕೊಟ್ಟಿಗೆ ತುಂಬ ಕೇಳಿಸಿತು.

ಖಾಜಾ: ಏನ್ ಕಾಕಾ, ಆವಾಜ ಬಂತೇನು? ಬರಾಕ ಸಾಧ್ಯನೇ ಇಲ್ಲ! ಗ್ಯಾರಂಟಿ ಕೆಲಸ ನನ್ನದು.

ದೇವಿಂದ್ರಪ್ಪ: ಆವಾಜ ಬರವಲ್ದೋ!

ಖಾಜಾ: ಬರಬಾರ್ದು ಅಂತನೇ ಅಲ್ರಿ ಹಾಕಿದ್ದು?

ದೇವಿಂದ್ರಪ್ಪ: ಬರಬೇಕು! ಮೊದಲಿನಂಗ ಬರಬೇಕು!

ಆ ಕಡೆಯ ದನಿ ತಗ್ಗಿತು.

ಖಾಜಾ: ಕಾಕಿ ಬಾಜೂಕ ಇದ್ರ ಜರಾ ಅವರ ಕೈಯಾಗ ಫೋನ್ ಕೊಡ್ರಿ.

ಧೂಳಮ್ಮ: ಇಲ್ಲೇ ಇದ್ದೀನಿ ಖಾಜಾ. ಅಂಜಬ್ಯಾಡ, ಇವತ್ತ ಅವರು ಶಾಣ್ಯಾ ಮಾತೇ ಆಡಾಕತ್ತಾರ. ಹಳೀದರಂಗ ಒದರೂ ಬಿಜಾಗರಿ ಎಲ್ಲೆರ ಸಿಗತಾವೇನಪಾ?

ಖಾಜಾ: ಅಂಥಾವು ದುಕಾನದಾಗ ಸಿಗಂಗಿಲ್ಲ ಕಾಕಿ. ಮನಿ ಯಜಮಾನ ವರ್ಷಾನುಗಟ್ಟಲೆ ಒಂದ ಹನಿ ಎಣ್ಣಿ ಬಿಡದಂಗ ಕುಂತ್ರ, ಮನ್ಯಾಗೇ ತಯಾರ ಆಗತಾವ.

ಧೂಳಮ್ಮ: ಹಂಗಾದ್ರ ಚಿಂತಿಲ್ಲ. ಯಜಮಾನರು ಇದ್ದಾರ, ಕಾಯೂದಷ್ಟೇ.

ಕಾಯುವಷ್ಟು ವ್ಯವಧಾನ ಯಾರಿಗಿತ್ತು? ದಿಗಂಬರ ದಾರಿಯಲ್ಲಿದ್ದನು. ಧೂಳಮ್ಮ ತಾನೇ ಬಾಯಿ ಓರೆ ಮಾಡಿ 'ಕಿರ್ರ್' ಎಂದಳು. ಚಂದ್ರಿ ಬಾಲ ಬೀಸಿತು. ಶೇವಂತಾಬಾಯಿ 'ಕೀಂ' ಎಂದಳು. ಎಮ್ಮೆ ಮುಖ ತಿರುಗಿಸಿತು.

ಶೇವಂತಾಬಾಯಿ: ನಂದು ಹಲ್ಲಿಲ್ಲದ ಬಾಯಿ, ಗಾಳಿ ಹೋಗತದ. ತಮ್ಮಾ, ನೀ ಒಮ್ಮಿ ಒದರು.

ದೇವಿಂದ್ರಪ್ಪ: ನಾನೇನು? ಹುಮನಾಬಾದದಿಂದ ಹಿಡಿಕಿ ತಂದಾಂವ ನಾ, ಎಮ್ಮಿ ಮುಂದ ಕಿರ್ರ್ ಅನ್ನಲೇನು?

ಧೂಳಮ್ಮ: ಕೆಡಿಸಿದವರೇ ಸುಧಾರಿಸಬೇಕ್ರಿ.

ದೇವಿಂದ್ರಪ್ಪ: ಊರಾನ ಮಂದಿ ನಗತದ! ಆಗಂಗಿಲ್ಲ ಅಂದ್ರ ಆಗಂಗಿಲ್ಲ! ನಾ ಒಲ್ಲೇ...!

ಸಿಟ್ಟು ಬಂದಾಗ ದೇವಿಂದ್ರಪ್ಪನ ದನಿ ಮಾತಿನ ಕೊನೆಯಲ್ಲಿ ಒಡೆದು ಮೇಲೆ ಏರುವುದು ಹಳೆಯ ರೂಢಿ. ಆ 'ಲ್ಲೇ' ಎಂಬುದು ಅಟ್ಟಕ್ಕೆ ಬಡಿದು ಕೊಟ್ಟಿಗೆಗೆ ಇಳಿಯಿತು. ಚಂದ್ರಿ ತಟ್ಟನೆ ತಲೆ ಎತ್ತಿ, 'ಹೂಂ' ಎಂದು ಹೂಂಕರಿಸಿ, ಬುಟ್ಟಿಗೆ ಬಾಯಿ ಹಾಕಿತು. ಧೂಳಮ್ಮನ ಬೆರಳುಗಳ ನಡುವೆ ಕೆಚ್ಚಲು ಮೆತ್ತಗಾಯಿತು.

ಧೂಳಮ್ಮ: ಇನ್ನೊಮ್ಮಿ ಅನ್ರಿ! ಅದೇ ಮಾತು, ಅದೇ ಸಿಟ್ಟು!

ದೇವಿಂದ್ರಪ್ಪ: ಒಲ್ಲೇ!

ಧೂಳಮ್ಮ: ಹಾಂ! ಬಂತು, ಹಾಲು ಬಂತು! ನಿಲ್ಲಸಬ್ಯಾಡ್ರಿ!

ದೇವಿಂದ್ರಪ್ಪ: ನಾ ಒಲ್ಲೇ! ನಾ ಒಲ್ಲೇ!

ಹಾಲಿನ ಧಾರೆ ಕೊಡಪಾನದಲ್ಲಿ ಸೊರ್ರನೆ ಸಪ್ಪಳ ಮಾಡತೊಡಗಿತು. ಹೊಳೆಯುವ ಹಿಡಿಕೆಯನ್ನು ಹಿಡಿದುಕೊಂಡು, ಕಿಟಕಿಯಿಂದ ತಲೆ ಹೊರಗೆ ಹಾಕಿ ಯಜಮಾನನು ಒಲ್ಲೆ ಒಲ್ಲೆ ಎನ್ನುತ್ತಿರುವಾಗಲೇ ದಿಗಂಬರನು ಹಿತ್ತಲ ಬಾಗಿಲಿಗೆ ಬಂದು ನಿಂತನು.

ದಿಗಂಬರ: ಇದೇನ್ರಿ ದೇವಿಂದ್ರಪ್ಪ? ಹುಮನಾಬಾದದಿಂದ ಬಸ್ ಹತ್ತಿ ಬಂದ ಮ್ಯಾಲ ಒಲ್ಲೆ ಅಂತೀರಿ? ಮಾರೂದಿಲ್ಲಂದ್ರ ಫೋನಿನ್ಯಾಗೇ ಹೇಳಬೇಕಿತ್ತು.

ದೇವಿಂದ್ರಪ್ಪ: ನಿನಗಲ್ಲೋ ಮಾರಾಯ, ಎಮ್ಮಿಗಿ ಅಂದೆ!

ದಿಗಂಬರ: ಎಮ್ಮಿ ನಿಮಗ ಏನ್ ಕೇಳಿತ್ತು?

ಶೇವಂತಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡು ನಡೆದುದನ್ನೆಲ್ಲ ಹೇಳಿದಳು. ದಿಗಂಬರ ಕೇಳುತ್ತ ಕೊಡಪಾನದೊಳಗೆ ಇಣುಕಿದನು. ನೊರೆ ಅಂಚಿಗೆ ಬಂದಿತ್ತು. ವ್ಯಾಪಾರಿಯ ಕಣ್ಣು ಅರಳಿತು. ಅದನ್ನು ಕಂಡು ಧೂಳಮ್ಮ ಕೊಡಪಾನವನ್ನು ತನ್ನತ್ತ ಎಳೆದುಕೊಂಡಳು.

ಧೂಳಮ್ಮ: ಈಗ ಹಾಲು ಬಿಟ್ಟಾಳ. ಇನ್ನ ಮಾರೂ ಮಾತೇ ಇಲ್ಲ.

ದೇವಿಂದ್ರಪ್ಪ: ಈಗೇ ಮಾರಬೇಕು! ನಿದ್ದಿ ಸಲುವಾಗಿ ಕಿಡಕಿ ರಿಪೇರಿ ಮಾಡಿಸಿದೆ. ಈ ಎಮ್ಮಿ ಇಲ್ಲೇ ಇದ್ರ ದಿನಾ ನಸಕಿನ್ಯಾಗ ಎಲ್ಲಾರಕಿಂತ ಮೊದಲ ಎದ್ದು ನಾನೇ ಒದರಬೇಕಾಗತದ! ದಿಗಂಬರ, ಹಗ್ಗ ಬಿಚ್ಚು.

ದಿಗಂಬರ: ತಡೀರಿ, ನಾನೂ ಒಮ್ಮಿ ನೋಡತೀನಿ. ಏ ಚಂದ್ರಿ, ನಾ ಒಲ್ಲೇ!

ಚಂದ್ರಿ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಕೆಚ್ಚಲನ್ನು ಬಿಗಿ ಮಾಡಿಕೊಂಡು, ಹಿಂಗಾಲು ಝಾಡಿಸಿತು. ಕೊಡಪಾನ ಉರುಳದಂತೆ ಧೂಳಮ್ಮ ತಬ್ಬಿ ಹಿಡಿದಳು.

ದಿಗಂಬರ: ಇದು ಎಲ್ಲಾರ ಒಲ್ಲೆ ಕೇಳೂ ಎಮ್ಮಿ ಅಲ್ಲ. ತಂಗೀ, ಎಮ್ಮಿ ಒಯ್ಯತೀನಿ. ಆದ್ರ ಇವರನ್ನೂ ಸಂಗಾಟ ಕಳಸಬೇಕು. ಇವರ ಊಟ ವಸ್ತಿ ನನ್ನ ಮನ್ಯಾಗೇ ಆಗಲಿ.

ಧೂಳಮ್ಮನು ಕಿಟಕಿಯತ್ತ ಕಣ್ಣೆತ್ತಿದಳು. ಹಿಡಿಕೆಯನ್ನು ಬಿಗಿಯಾಗಿ ಹಿಡಿದ ಗಂಡನ ಮುಖವನ್ನು, ಇಷ್ಟು ವರ್ಷಗಳಲ್ಲಿ ಮೊದಲ ಸಲವೆಂಬಂತೆ, ಸಾವಧಾನವಾಗಿ ನೋಡಿದಳು.

ಧೂಳಮ್ಮ: ನಿನ್ನಿ ಬಂದು ಕೇಳಿದ್ರ ಇವರನ್ನ ಪುಕಟನೇ ಕೊಟ್ಟು ಬಿಡತಿದ್ದೆ ಅಣ್ಣಾ. ಇವತ್ತ ಆಗಂಗಿಲ್ಲ. ಮುಂಜಾನಿಂದ ಇವರು ಮನಿ ಕೆಲಸಕ್ಕ ಬರಾಕತ್ತಾರ.

ಶೇವಂತಾಬಾಯಿ: ಹೌದವ್ವಾ, ಕೊಡಬ್ಯಾಡ! ನಾಳಿಯಿಂದ ನನಗೂ ಎಚ್ಚರಾಗತದ.

ದೇವಿಂದ್ರಪ್ಪ: ನಸಕಿನ್ಯಾಗ ನಾ ಏಳಾಂವಲ್ಲ! ಕೇಳ್ರಿ ಎಲ್ಲಾರೂ, ನಾ ಒಲ್ಲೇ...!

ಚಂದ್ರಿ ಕಿವಿ ನೆಟ್ಟಗೆ ಮಾಡಿ ಕೆಚ್ಚಲನ್ನು ಸಡಿಲ ಬಿಟ್ಟಿತು.

ಧೂಳಮ್ಮ: ಒಂದ ನಿಮಿಷ ತಡೀರಿ, ಸಿಟ್ಟು ಇಳಸಬ್ಯಾಡ್ರಿ. ಕೊಡಪಾನ ತುಂಬ್ಯಾದ, ತಂಬಿಗಿ ತರತೀನಿ.