ಒಂದು, ಮೂರು, ನಾಲ್ಕು, ಎರಡು

೧. ಸರದಿ

ಹೊನ್ನೂರಿನ ಯಜಮಾನ ಪೆಟ್ರೋಲಿನಲ್ಲಿ ಓಡುವ ತನ್ನ ಹಳೇ ಲಾರಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಕೊಳ್ಳೇಗಾಲದ ನನ್ನ ಶೆಡ್ಡಿಗೆ ಬಂದ. ಮೊದಲಿನ ಇಂಜಿನ್ ಕೈಕೊಟ್ಟಿತ್ತು. ಗುಜರಿಯಲ್ಲಿ ಸಿಕ್ಕ ಇನ್ನೊಂದನ್ನು ಅವನೂ ಅವನ ಬಾಮೈದನೂ ಸೇರಿ ಕೂರಿಸಿದ್ದರು. ಕೀ ತಿರುಗಿಸಿದರೆ ಢಮ್ ಅನ್ನುತ್ತಿತ್ತು. ಓಡುತ್ತಿರಲಿಲ್ಲ.

ಬಾನೆಟ್ ಎತ್ತಿದೆ. ಪ್ಲಗ್ಗಿನ ವೈರುಗಳನ್ನು ಒಂದು, ಎರಡು, ಮೂರು, ನಾಲ್ಕು ಎಂದು ಶಾಲೆ ಮಕ್ಕಳಂತೆ ಸಾಲಾಗಿ ಜೋಡಿಸಿದ್ದರು.

"ಕಿಡಿ ಹೋಗೋ ಸರದಿ ಒಂದು, ಮೂರು, ನಾಲ್ಕು, ಎರಡು," ಎಂದೆ.

"ಅದೆಂಗ್ ಮೇಸ್ತ್ರೀ? ಎರಡನ್ನ ಬುಟ್ಬುಟ್ಟು ಮೂರಕ್ಕೆ ಕೊಟ್ರೆ ಎರಡು ಸುಮ್ಕಿದ್ದದಾ?" ಎಂದ ಯಜಮಾನ.

"ಇಂಜಿನ್ ಆದ್ರೇನು, ನ್ಯಾಯ ಬ್ಯಾಡ್ವಾ?" ಎಂದ ಬಾಮೈದ.

ವೈರು ಬದಲಾಯಿಸಿದೆ. ಇಂಜಿನ್ ಹತ್ತಿಕೊಂಡಿತು. ಬಾಮೈದ ಮಾತ್ರ ಎರಡನೇ ಪ್ಲಗ್ಗಿನ ಕಡೆ ಕನಿಕರದಿಂದ ನೋಡುತ್ತಿದ್ದ.

೨. ಮೂರು ಗೀಟು

ಯಜಮಾನನಿಗೆ ಅವಸರವಿತ್ತು. ಮಗಳನ್ನು ರಾಮಾಪುರಕ್ಕೆ ಕೊಟ್ಟಿದ್ದ. ಭಾನುವಾರ ಹೊನ್ನೂರಿನಲ್ಲಿ ಬೀಗರ ಊಟ, ಬಾಡಿನ ಅಡುಗೆ. ಬೀಗರನ್ನು ಸ್ವಂತ ಗಾಡಿಯಲ್ಲೇ ಕರೆತರುತ್ತೇನೆ ಎಂದು ಮದುವೆಮನೆಯಲ್ಲಿ ಮೈಕ್ ಹಿಡಿದು ಹೇಳಿಬಿಟ್ಟಿದ್ದ.

"ಬಾಡಿಗೆ ಟೆಂಪೋ ಮಾಡ್ಕೊಳ್ಳಿ," ಎಂದೆ.

"ಬೀಗ್ರ ಮುಂದೆ ನನ್ ಮೂಗು ಕುಯ್ದ್ಬುಡ್ತೀರಾ ಮೇಸ್ತ್ರೀ? ಅವ್ರು ಮುನಿಸ್ಕಂಡ್ರೆ ನನ್ ಮಗಳು ಅನುಭವಿಸ್ಬೇಕು."

ಇಂಜಿನ್ ಹತ್ತಿಕೊಂಡರೆ ಸಾಲದು. ಕಿಡಿ ಸರಿಯಾದ ಗಳಿಗೆಯಲ್ಲಿ ಹಾರಬೇಕು. ಅದನ್ನು ನೋಡಲು ಇಂಜಿನ್ನಿನ ಮುಂದೆ ತಿರುಗುವ ಪುಲ್ಲಿ ಗಾಲಿಯ ಮೇಲೆ ಒಂದು ಗೀಟು ಇರುತ್ತದೆ. ಇಲ್ಲಿ ಮೂರಿದ್ದವು. ಪೂಜೆ ಮಾಡಿ ಮೂರು ಬೆರಳಲ್ಲಿ ವಿಭೂತಿ ಎಳೆದಿದ್ದರು.

"ಮೂರ್ ಅವೆಯಲ್ಲ, ಯಾವ್ದಾದ್ರೂ ಒಂದಕ್ಕೆ ಇಟ್ಕಳಿ," ಎಂದ ಬಾಮೈದ.

ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದೆ. ಅವನು ಗಲ್ಲ ಗಲ್ಲ ಬಡಿದುಕೊಂಡ. ಅಡಿಯಲ್ಲಿ ನಿಜವಾದ ಗೀಟು ಸಿಕ್ಕಿತು. ಲೈಟ್ ಹಿಡಿದು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ, ಬೋಲ್ಟ್ ಬಿಗಿದೆ.

"ಇದನ್ನ ಯಾರೂ ಮುಟ್ಟಬೇಡಿ."

"ಸರಿ," ಎಂದರು ಇಬ್ಬರೂ. ನಮ್ಮ ಕಡೆ ಸರಿ ಎಂದರೆ, ನೀವು ಆ ಕಡೆ ಹೋಗಿ ಎಂದರ್ಥ.

೩. ನೀರು ನೋಡಿದ್ದು

ಭಾನುವಾರ ನನ್ನನ್ನೂ ಊಟಕ್ಕೆ ಕರೆದು ಗಾಡಿ ಹತ್ತಿಸಿಕೊಂಡರು. ಕರೆದದ್ದು ಪ್ರೀತಿಗಲ್ಲ, ರಿಪೇರಿಗೆ. ಹನೂರಿನಲ್ಲಿ ನಿಲ್ಲಿಸಿದರು. ನಾನು ಟೀ ಕುಡಿದು ಬರುವಾಗ ಬಾನೆಟ್ ಮುಚ್ಚುತ್ತಿದ್ದರು.

"ಏನಿಲ್ಲ ಮೇಸ್ತ್ರೀ, ನೀರ್ ನೋಡ್ದೊ," ಎಂದ ಬಾಮೈದ.

ಕೈಯಲ್ಲಿ ಸ್ಪ್ಯಾನರ್ ಇತ್ತು. ನೀರು ನೋಡಲು ಸ್ಪ್ಯಾನರ್ ಬೇಕೆಂದು ಅಂದು ಕಲಿತೆ.

ರಾಮಾಪುರದ ಹತ್ತಿರ, ಕಾಡಂಚಿನಲ್ಲಿ, ಗಾಡಿ ಢಮ್ ಢಮ್ ಎನ್ನತೊಡಗಿತು. ಮುಸುಕಿನ ಜೋಳದ ಹೊಲದಿಂದ ಒಬ್ಬ ರೈತ ಓಡಿಬಂದ.

"ಯಾರ್ಲಾ ಅದು, ಕೋವಿ ಹೊಡೀತಿರೋದು?"

"ಕೋವಿ ಅಲ್ಲ ಕಣಪ್ಪ, ನಮ್ ಗಾಡಿ," ಎಂದ ಯಜಮಾನ.

ರೈತ ಗಾಡಿಯನ್ನು ಒಂದು ಸುತ್ತು ನೋಡಿದ. "ಇವತ್ತು ಸಂಜೆ ಇಲ್ಲೇ ನಿಲ್ಲಿಸ್ಕಳಿ. ಆನೆ ಓಡ್ಸಕ್ಕೆ ಪಟಾಕಿ ಮುಗ್ದೋಗದೆ."

೪. ಬೀಗರು

ಬಾನೆಟ್ ಎತ್ತಲು ಹೋದೆ; ಬೀಗರು ಕಾಯುತ್ತಾರೆಂದು ಯಜಮಾನ ಬಿಡಲಿಲ್ಲ. ರಾಮಾಪುರದಲ್ಲಿ ಬೀಗರು ಮನೆಮಂದಿಯೊಡನೆ ಗಾಡಿ ಹತ್ತಿದರು. ಹುಡುಗನ ತಂದೆಗೆ ಮುಂದಿನ ಸೀಟು. ಬಿಳಿ ಪಂಚೆ, ಬಿಳಿ ಅಂಗಿ. ಊರು ದಾಟುವ ಮೊದಲೇ ಗಾಡಿ ನಿಂತಿತು.

"ಒಂಚೂರು ತಳ್ಳುದ್ರೆ ಹತ್ಕತದೆ," ಎಂದ ಬಾಮೈದ. ಬೀಗರಿಗೆ ಅಂದ ಮಾತು ಅದು.

ಎಲ್ಲರೂ ಇಳಿದರು. ಹುಡುಗನ ತಂದೆಯೂ ಇಳಿದು ಹಿಂದೆ, ಹೊಗೆ ಕೊಳವೆಯ ನೇರಕ್ಕೆ ನಿಂತು ಕೈ ಹಚ್ಚಿದರು. ಢಮ್. ಹಣೆಯಿಂದ ಮಂಡಿಯವರೆಗೆ ಮಸಿ.

ಯಜಮಾನ ಕೈ ಮುಗಿದು ನಿಂತ. ಅವರು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು.

"ಬೀಗ್ರೇ, ಹೆಣ್ ಕೊಟ್ರಿ, ಉಂಗ್ರ ಕೊಟ್ರಿ. ಮಸಿನೂ ಕೊಡ್ಬೇಕಾಗಿತ್ತಾ?"

ಅಷ್ಟರಲ್ಲಿ ಕೊಳ್ಳೇಗಾಲದ ಬಸ್ಸು ಬಂತು. ಅವರು ಕೈ ಅಡ್ಡ ಹಿಡಿದರು. ಬೀಗರ ಕಡೆಯವರೆಲ್ಲ ಹತ್ತಿ ಹೊರಟೇ ಹೋದರು. ಎಲ್ಲಿಗೆ ಎಂದು ಹೇಳಲಿಲ್ಲ.

ಬಾನೆಟ್ ಎತ್ತಿದೆ. ಡಿಸ್ಟ್ರಿಬ್ಯೂಟರ್ ಪಕ್ಕಕ್ಕೆ ತಿರುಗಿತ್ತು.

"ಪಿಕಪ್ ಬರ್ಲಿ ಅಂತ ಒಂಚೂರು..." ಎಂದ ಬಾಮೈದ.

"ನೀನೂ ತಿರುಗ್ಸುದ್ಯೇನ್ಲಾ?" ಎಂದ ಯಜಮಾನ.

ಇಂಜಿನ್ ಆರುವವರೆಗೆ ಕಾದು, ಮತ್ತೆ ಗೀಟಿಗೆ ತಂದು ಬಿಗಿದೆ. ಆಮೇಲೆ ಹೊನ್ನೂರಿನವರೆಗೂ ಗಾಡಿ ಬೆಣ್ಣೆಯಂತೆ ಓಡಿತು. ಹಿಂದೆ ಕೂರಲು ಒಬ್ಬ ಬೀಗನೂ ಇರಲಿಲ್ಲ. "ಮುನಿಸ್ಕಂಡು ಕೊಳ್ಳೇಗಾಲದಿಂದ್ಲೇ ವಾಪಸ್ ಓಗಿದ್ರೆ ನನ್ ಮಗಳ ಗತಿ?" ದಾರಿಯುದ್ದಕ್ಕೂ ಯಜಮಾನ ಅದನ್ನೇ ಹೇಳಿದ. ಬಾಮೈದ ಕಿಟಕಿಯಾಚೆ ಕಬ್ಬು ನೋಡುತ್ತಿದ್ದ.

ಸಂಜೆ ಮನೆ ಮುಟ್ಟಿದೆವು. ಬಾಗಿಲಲ್ಲಿ ಹುಡುಗನ ತಂದೆ ನಿಂತಿದ್ದರು. ಮೈಮೇಲೆ ಯಜಮಾನನ ಅಂಗಿ, ಕೈಯಲ್ಲಿ ನೀರಿನ ಚೊಂಬು. ಕಾದು ಕಾದು, ಊರವರಿಗೆ ಅವರೇ ನಿಂತು ಬಡಿಸಿದ್ದರಂತೆ.

"ಬನ್ನಿ ಬೀಗ್ರೇ," ಎಂದು ಯಜಮಾನನನ್ನು ಅವನ ಮನೆಗೇ ಕರೆದರು. "ಕೈಕಾಲ್ ತೊಳ್ಕಳಿ. ಎಲೆ ಹಾಕ್ಸಿವ್ನಿ. ನಾಚ್ಕಬ್ಯಾಡಿ, ನಿಮ್ಮನೆ ಅನ್ಕಳಿ."

ಕೂತೆವು. ಮುದ್ದೆ ಬಂತು. ಸಾರು ಬಂತು. ಬಾಡು ಮುಗಿದಿತ್ತು.